ಬೂರುಗದ ಕಾಯಿಗೆ ಸಿಕ್ಕ ವಾಯಿದೆ

ಬೆಂಗಳೂರಿನ ದೊಡ್ಡ ಕೋರ್ಟಿನಲ್ಲಿ ಏನಾಗುತ್ತಿದೆ ಎಂಬುದನ್ನು ನಮ್ಮ ಮನೆಯವರು ದಿಂಬು ನೋಡಿ ತಿಳಿಯುತ್ತಿದ್ದರು. ಹೀಗೆಂದರೆ ಈಗ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನಡೆದದ್ದು ಹಾಗೆಯೇ.

ಗುಂಡ್ಲುಪೇಟೆಯಲ್ಲಿ ಅಬ್ಬಾ ಅವರದು ಹಾಸಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಬ್ಬಾ ಹತ್ತಿ ಹಿಂಜುತ್ತಿದ್ದರು, ಅಕ್ಕ ಹಾಸಿಗೆಯ ಅಂಚು ಹೊಲಿಯುತ್ತಿದ್ದಳು, ಅಮ್ಮಿ ಅಡುಗೆಮನೆಯಿಂದಲೇ ಇಬ್ಬರಿಗೂ ಬುದ್ಧಿ ಹೇಳುತ್ತಿದ್ದರು. ನಾನು ಕಾಲೇಜಿಗೆ ಹೋಗುತ್ತಿದ್ದೆ. ಹಾಗಾಗಿ ಪೇಪರು ಓದಿ ಹೇಳುವ ಕೆಲಸ ನನ್ನದು. ವಾದ ಮಾಡುವ ಹಕ್ಕೂ ನನ್ನದೇ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಮನೆಯಲ್ಲಿ ನಾವು ಆಡುವುದು ಉರ್ದು. ಜಗಳ ಜೋರಾದರೆ ಮಾತ್ರ ಕನ್ನಡ. ಗಿರಾಕಿಗಳ ಜೊತೆ ವಾದ ಮಾಡಿ ಮಾಡಿ ಅಬ್ಬಾ ಅವರ ನಾಲಿಗೆ ಕನ್ನಡದಲ್ಲೇ ಹರಿತವಾಗಿತ್ತು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಎರಡು ಸಾವಿರದ ಆಚೆಯ ಆ ವರ್ಷಗಳಲ್ಲಿ ನಮ್ಮ ಕಡೆ ಒಂದು ಹೈಟೆನ್ಷನ್ ಲೈನು ಬಂತು. ಮೈಸೂರು ಕಡೆಯಿಂದ ಟವರುಗಳು ಒಂದರ ಹಿಂದೆ ಒಂದು ಎದ್ದು, ಹೊಲಗಳನ್ನು ದಾಟಿ, ಬಂಡೀಪುರದ ಕಾಡಿನ ಅಂಚಿಗೆ ಬಂದು ನಿಂತವು. ಕಾಡಿನೊಳಗೆ ಅಗಲವಾದ ಪಟ್ಟಿ ಕಡಿದು ಆಚೆ ರಾಜ್ಯಕ್ಕೆ ತಂತಿ ಎಳೆಯಬೇಕಿತ್ತು. ಅಷ್ಟರಲ್ಲಿ ಯಾರೋ ಕೋರ್ಟಿಗೆ ಹೋದರು, ಕೋರ್ಟು ತಡೆ ಕೊಟ್ಟಿತು. ತಂತಿಯಿಲ್ಲದ ಟವರುಗಳು ತೋಳು ಚಾಚಿಕೊಂಡು ಬರಿಗೈಯಲ್ಲಿ ನಿಂತವು. ಅವುಗಳ ಮೇಲೆ ಮೊದಲು ಕುಳಿತದ್ದು ಕಾಗೆಗಳು.

ಅಬ್ಬಾ ಕೆಂಡವಾದರು. ಅವರ ಹತ್ತಿ ಹಿಂಜುವ ಮೆಷಿನ್ನು ಓಡುವುದು ಕರೆಂಟಿನಿಂದ, ನಮ್ಮೂರಿನ ಕರೆಂಟೋ ಬಂದರೆ ಬಂತು, ಹೋದರೆ ಹೋಯಿತು. ಕರೆಂಟು ಹೋದಾಗಲೆಲ್ಲ ಅಜ್ಜನ ಕಾಲದ ಬಿಲ್ಲನ್ನು ಗೋಡೆಯಿಂದ ಇಳಿಸಿ, ಅದರ ತಂತಿ ಮೀಟಿ ಮೀಟಿ ಹತ್ತಿ ಬಿಡಿಸಬೇಕು. ಬಿಲ್ಲಿನ ಪ್ರತಿ ಟಂಕಾರಕ್ಕೂ ಆನೆಗಳಿಗೆ ಒಂದೊಂದು ಬೈಗುಳ ಬೀಳುತ್ತಿತ್ತು.

"ಆನೆ ಬಲ್ಬು ಹಾಕ್ಕೊಳ್ತದಾ? ನಮಗೆ ಬೇಕು ಕರೆಂಟು. ಹಾಕಲಿ ಲೈನು!"

"ಆನೆಗೆ ದಾರಿ ಬೇಕು ಅಬ್ಬಾ. ಲೈನಿಗೆ ಬೇಕಾದರೆ ಬೇರೆ ದಾರಿ ಉಂಟು, ಆನೆಗೆ ಇಲ್ಲ" ಎಂದು ನಾನು. ಕಾಲೇಜಿನವರು ಬಂಡೀಪುರದಲ್ಲಿ ನಡೆಸಿದ ಶಿಬಿರಕ್ಕೆ ಹೋಗಿಬಂದಿದ್ದೆ. ಲೈನಿಗೆಂದು ಬಣ್ಣ ಬಳಿದು ಗುರುತು ಮಾಡಿದ ಮರಗಳ ನಡುವೆಯೇ ಒಂದು ಹಿಂಡು ಮರಿಗಳನ್ನು ನಡುವೆ ಹಾಕಿಕೊಂಡು ದಾಟಿದ್ದನ್ನು ಕಣ್ಣಾರೆ ನೋಡಿದ್ದೆ. ಆಗಲೂ ನಾನು ಕಾಡಿನ ಪರ, ಈಗಲೂ. ಅಬ್ಬಾ ನನ್ನನ್ನು "ಆನೆ ವಕೀಲಮ್ಮ" ಎಂದು ಕರೆಯತೊಡಗಿದರು, ನನಗೆ ಅದು ಬಿರುದಿನ ಹಾಗೇ ಕೇಳುತ್ತಿತ್ತು.

ಟವರಿನ ಕೆಲಸದವರು ನಮ್ಮ ಬೀದಿಯ ಹಿಂದಿನ ಹಳೇ ಅಕ್ಕಿ ಗಿರಣಿಯಲ್ಲಿ ಬಿಡಾರ ಹೂಡಿದ್ದರು. ತಡೆ ಬಂದ ಮೇಲೆ ಅವರಿಗೆ ಕೆಲಸವಿಲ್ಲ, ಹೋಗುವಂತೆಯೂ ಇಲ್ಲ. ಮೊದಮೊದಲು ಟಾರ್ಪಾಲಿನ ಮೇಲೆ ಮಲಗುತ್ತಿದ್ದರು. ಕೋರ್ಟಿನ ಒಂದು ವಾಯಿದೆ ಕಳೆಯಿತು, ಅಬ್ಬಾನ ಹತ್ತಿರ ತೆಳ್ಳನೆ ಹಾಸಿಗೆ ಹೇಳಿದರು. ಇನ್ನೊಂದು ವಾಯಿದೆ ಕಳೆಯಿತು, ದಿಂಬು ಕೇಳಲು ಬಂದರು.

ದಿಂಬಿನ ಆರ್ಡರು ಬಂದ ದಿನ ಅಬ್ಬಾ ಒಳಗೆ ಬಂದು, "ಕೇಸು ಸದ್ಯಕ್ಕೆ ಮುಗಿಯಲ್ಲ. ಟಾರ್ಪಾಲ್ ಮೇಲೆ ಮಲಗೋನು ನಾಳೆ ಹೋಗೋನು. ದಿಂಬು ಕೇಳಿದ ಅಂದ್ರೆ ಇರ್ತಾನೆ ಅಂತಲೇ ಅರ್ಥ" ಎಂದರು. ಪೇಪರಿನವರಿಗಿಂತ ಮೊದಲೇ ಹೇಳಿದ್ದರು, ಸರಿಯಾಗಿಯೂ ಹೇಳಿದ್ದರು. ಆದರೆ ದಿಂಬು ಕೇಳಲು ಬಂದವನು ಯಾರೆಂದು ಅವರು ಸರಿಯಾಗಿ ನೋಡಲಿಲ್ಲ.

ಅವನು ಆ ತಂಡದ ಸೂಪರ್‌ವೈಸರ್. ಕಾಡಿನ ಆಚೆಗಿನ ವಯನಾಡಿನ ಹುಡುಗ, ನಮ್ಮ ಹಾಗೆ ಮುಸ್ಲಿಮನೇ. ಮಾತೃಭಾಷೆ ಮಲಯಾಳ. ಕನ್ನಡವನ್ನು ಟವರು ಹತ್ತುವ ನಮ್ಮೂರ ಕೂಲಿಯವರಿಂದ ಕಲಿತಿದ್ದ, ಬೇರೆ ಕನ್ನಡ ಅವನ ಕಿವಿಗೇ ಬಿದ್ದಿರಲಿಲ್ಲ. ಅಂಗಡಿಗೆ ಬಂದವನೇ ಅಬ್ಬಾನಿಗೆ ಕೈಮುಗಿದು, ಬಹಳ ವಿನಯದಿಂದ, "ಒಂದು ದಿಂಬು ಮಾಡ್ಕೊಡ್ಲಾ, ಕಾಸು ಆಮೇಲ್ ಕೊಡ್ತೀನಿ ಕಣ್ಲಾ" ಎಂದ. ಅಬ್ಬಾನ ಬಾಯಿ ತೆರೆದದ್ದು ತೆರೆದೇ ಇತ್ತು. ಪರದೆಯ ಹಿಂದೆ ಅಕ್ಕ ನಕ್ಕಳು. ಅದು ಅವನಿಗೆ ಕೇಳಿಸಿತು.

ಆ ದಿಂಬು ಸರಿಯಾಗಲೇ ಇಲ್ಲ. ಎತ್ತರವಾಯಿತು ಎಂದು ತಂದ. ಹತ್ತಿ ತೆಗೆದು ಅಕ್ಕ ಹೊಲಿದುಕೊಟ್ಟಳು. ತಗ್ಗಾಯಿತು ಎಂದು ತಂದ. ಹತ್ತಿ ತುಂಬಿ ಹೊಲಿದುಕೊಟ್ಟಳು. ಒಂದು ಮೂಲೆ ಗಟ್ಟಿ ಎಂದ, ಹೊಲಿಗೆ ಕೆನ್ನೆಗೆ ಒತ್ತುತ್ತದೆ ಎಂದ. ಅಕ್ಕ ಬೇರೆಯವರ ಹಾಸಿಗೆಯಲ್ಲಿ ಒಂದು ಹೊಲಿಗೆ ತಪ್ಪಿದವಳಲ್ಲ. ಈ ಒಂದು ದಿಂಬಿನಲ್ಲಿ ಮಾತ್ರ ಅವಳಿಗೆ ಕೈಯೇ ಬರಲಿಲ್ಲ. ಅಮ್ಮಿ ಒಂದು ದಿನ ಸೌಟು ಹಿಡಿದೇ ಹೊರಗೆ ಬಂದು, ದಿಂಬನ್ನೂ ನೋಡಿದರು, ಅಕ್ಕನ ಮುಖವನ್ನೂ ನೋಡಿದರು, ಒಳಗೆ ಹೋಗಿ ಟೀ ಇಟ್ಟರು. ಅಮ್ಮಿ ಗಿರಾಕಿಗಳಿಗೆ ಟೀ ಕೊಡುವವರಲ್ಲ.

ಆಮೇಲೆ ಅವನ ತಾಯಿ, ಅವರ ಮಾತಿನಲ್ಲಿ ಉಮ್ಮ, ಸೋದರಮಾವನ ಜೊತೆ ಕಾಡು ದಾಟಿ ಬಂದು ಹೆಣ್ಣು ಕೇಳಿದರು. ಬಾಳೆಕಾಯಿ ಚಿಪ್ಸು, ಹಲ್ವ ತಂದಿದ್ದರು. ಅಮ್ಮಿಗೆ ಒಪ್ಪಿಗೆ, ಅಕ್ಕನದು ಕೇಳುವುದೇ ಬೇಡ, ನಾನು ಹಲ್ವ ತಿಂದ ಕೂಡಲೇ ಒಪ್ಪಿದ್ದೆ. ಅಬ್ಬಾ ಮಾತ್ರ ಗಂಟಲು ಸರಿಮಾಡಿಕೊಂಡು, "ಕೇಸು ಮುಗೀಲಿ, ನೋಡೋಣ" ಎಂದರು.

ಅವರು ಹೋದ ಮೇಲೆ ಅಮ್ಮಿ, "ಆನೆ ಕೇಸಿಗೂ ನನ್ನ ಮಗಳ ನಿಕಾಗೂ ಏನು ಸಂಬಂಧ?" ಎಂದು ಸೌಟು ಕುಕ್ಕಿದರು.

"ತಡೆ ತೆಗೆದರೆ ತಂತಿ ಎಳೆದು ತಿಂಗಳಲ್ಲಿ ಗಂಟುಮೂಟೆ ಕಟ್ತಾರೆ. ಇವತ್ತು ಇಲ್ಲಿ, ನಾಳೆ ಒರಿಸ್ಸಾದಲ್ಲಿ. ಟೆಂಟು ಮನೆ ಅಲ್ಲ. ಮಗಳನ್ನ ಟವರಿಗೆ ಕಟ್ಟಿ ಕಳಿಸ್ಲಾ?"

ಅಬ್ಬಾನ ಲೆಕ್ಕ ನನಗೆ ಆಗಲೇ ತಿಳಿಯಿತು. ಕೇಸು ಬೇಗ ಮುಗಿದರೆ ಹುಡುಗ ಹೋಗುತ್ತಾನೆ, ಮಾತು ತಾನಾಗಿಯೇ ನಿಲ್ಲುತ್ತದೆ, ಮಗಳು ಹೊಲಿಗೆ ಮಣೆಯ ಮುಂದೆಯೇ ಇರುತ್ತಾಳೆ. ಅವರಿಗೆ ಹುಡುಗನ ಮೇಲೆ ಕೋಪವಿರಲಿಲ್ಲ. ಮಗಳು ಕಾಡಿನ ಆಚೆಗೆ ಹೋಗುವುದು ಬೇಡವಾಗಿತ್ತು, ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳಲು ಬರದೆ ಕರೆಂಟು, ಟವರು, ಒರಿಸ್ಸಾ ಎಂದೆಲ್ಲ ಹೇಳುತ್ತಿದ್ದರು.

ಹೀಗೆ ನಮ್ಮ ಮನೆಯೂ ಕೋರ್ಟಾಯಿತು. ಬೆಳಗ್ಗೆ ನಾನು ಪೇಪರು ಬಿಡಿಸಿದರೆ ಅಬ್ಬಾ ತಡೆ ತೆಗೆಯಲಿ ಎಂದು ಕಾಯುವರು, ಪರದೆಯ ಹಿಂದೆ ಅಕ್ಕ ಇನ್ನೊಂದು ವಾಯಿದೆ ಸಿಗಲಿ ಎಂದು ದುವಾ ಮಾಡುವಳು. ಕಾಡಿನ ಮೇಲೆ ಅಕ್ಕನಿಗೆ ಅಷ್ಟು ಪ್ರೀತಿ ಹಿಂದೆ ಎಂದೂ ಇರಲಿಲ್ಲ. "ಮುಂದೂಡಿಕೆ" ಎಂದು ನಾನು ಓದಿದರೆ ಆ ದಿನ ಮನೆಯಲ್ಲಿ ಕ್ಯಾರೆಟ್ ಹಲ್ವ.

ಕೊನೆಗೊಂದು ಬೆಳಗ್ಗೆ ಆದೇಶ ಬಂತು. ಕಾಡಿನೊಳಗೆ ಹೊಸ ದಾರಿ ಕಡಿಯುವುದು ಬೇಡ. ವಿದ್ಯುತ್ ಬೇಕೆಂಬುದೂ ನಿಜ, ಆದ್ದರಿಂದ ಲೈನು ಕಾಡನ್ನು ಬಿಟ್ಟು ಹೊರಗಿನಿಂದ ಸುತ್ತಿಕೊಂಡು ಹೋಗಲಿ. ಹರವೆ ಕಡೆಯ ಹೊಲಗಳ ಮೇಲೆ, ಚಾಮರಾಜನಗರದ ಕಡೆಗೆ. ನಾನು ಕುರ್ಚಿಯಿಂದ ಎದ್ದು ಕುಣಿದೇಬಿಟ್ಟೆ. ಆನೆ ಗೆದ್ದಿತ್ತು. ಅಕ್ಕನೂ ಗೆದ್ದಿದ್ದಳು: ಸುತ್ತು ದಾರಿ ಎಂದರೆ ಹೊಸ ಟವರು, ಹೊಸ ಟವರು ಎಂದರೆ ಆ ತಂಡ ಇಲ್ಲೇ. ಸಂಜೆಗೆ ಅವನು ಇನ್ನೊಂದು ದಿಂಬು ಹೇಳಲು ಬಂದ.

ಅಬ್ಬಾ ಬಿಲ್ಲು ಇಳಿಸಿ ಹತ್ತಿ ಹಿಂಜಲು ಕುಳಿತರು. ಆ ಹೊತ್ತು ಕರೆಂಟು ಇತ್ತು.

ಕೆಲವು ತಿಂಗಳ ಮೇಲೆ ಹರವೆ ಹತ್ತಿರದ ಗೌಡರೊಬ್ಬರು ಅಂಗಡಿಗೆ ಬಂದು ಧೊಪ್ಪನೆ ಕುಳಿತರು. ಅವರ ಅರಿಸಿನದ ಹೊಲದ ಬದುವಿನಲ್ಲಿ ದೊಡ್ಡದೊಂದು ಬೂರುಗದ ಮರ. ಅಜ್ಜನ ಕಾಲದಿಂದಲೂ ನಮ್ಮ ಅಂಗಡಿಗೆ ಹತ್ತಿ ಬರುತ್ತಿದ್ದುದು ಆ ಮರದಿಂದಲೇ. ಮದುವೆ ಹಾಸಿಗೆ ಎಂದರೆ ಅಬ್ಬಾ ಬೇರೆ ಹತ್ತಿ ಮುಟ್ಟುತ್ತಿರಲಿಲ್ಲ.

"ಸಾಬ್ರೆ, ಲೈನು ನನ್ ಮರದ್ ಮ್ಯಾಲೇ ಓಯ್ತದಂತ. ಕಡೀಬೇಕಂತ" ಎಂದರು ಗೌಡರು. "ಆನಗ ವಕೀಲ್ರು ಅವ್ರ, ನವಿಲ್ಗ ವಕೀಲ್ರು ಅವ್ರ. ನನ್ ಬೂರುಗದ ಮರಕ ಯಾರವ್ರ, ಏಳಿ?"

ಅಬ್ಬಾ ನನ್ನ ಕಡೆ ತಿರುಗಿದರು. ಆನೆ ವಕೀಲಮ್ಮನಾದ ನಾನು ಗೌಡರಿಗೆ ನೀರು ತಂದುಕೊಟ್ಟೆ. ಕಾಡನ್ನು ಉಳಿಸಿದ ಭಾರ ಹೋಗಿ ಗೌಡರ ಬದುವಿನ ಮೇಲೆ ಕುಳಿತಿತ್ತು. ಕಾಡು ಉಳಿದದ್ದು ತಪ್ಪೆಂದು ನನಗೆ ಅನಿಸಲಿಲ್ಲ. ಆದರೆ ಗೌಡರ ಪ್ರಶ್ನೆಯೂ ಸರಿಯೇ ಇತ್ತು, ನನಗೆ ನಿಜಕ್ಕೂ ಸಂಕಟವಾಯಿತು.

ಅಬ್ಬಾನಿಗೋ ಇನ್ನೂ ಪೇಚು. ಹಾಕಲಿ ಲೈನು ಎಂದು ಊರಿಗೆಲ್ಲ ಕೇಳುವಂತೆ ಕೂಗಿದವರು ಅವರೇ. ಈಗ ಆ ಲೈನು ಅವರ ಹತ್ತಿಗೇ ಬಂದು ಕುಳಿತಿತ್ತು, ಕಡಿಸಬೇಕಾದವನು ಅದೇ ದಿಂಬಿನ ಹುಡುಗ.

ಗೌಡರು ಚಾಮರಾಜನಗರದ ಕೋರ್ಟಿಗೆ ಅರ್ಜಿ ಹಾಕಿದರು. ಪರಿಹಾರದ ಮಾತು ಹಾಗಿರಲಿ, ಮರದ ತುಂಬ ಕಾಯಿ ಇದೆ, ಅದು ಬಲಿಯುವವರೆಗಾದರೂ ಕೊಡಲಿ ಮುಟ್ಟಿಸಬಾರದು ಎಂದು. ವಿಚಾರಣೆಯ ದಿನ ಅಬ್ಬಾ ಅಂಗಡಿಗೆ ಬಾಗಿಲು ಹಾಕಿ ಗೌಡರ ಜೊತೆ ಹೊರಟರು. ನನ್ನನ್ನೂ ಕರೆದರು. ಅಕ್ಕನನ್ನು ಕರೆಯಲಿಲ್ಲ, ಅವಳು ಬಸ್ ಸ್ಟ್ಯಾಂಡಿನವರೆಗೂ ಬಂದು ನನ್ನ ಕೈ ಹಿಚುಕಿ ಹೋದಳು.

ಬಸ್ಸಿನಲ್ಲಿ ಗೌಡರು ನನ್ನನ್ನು ಕೇಳಿದರು. "ಬೂರುಗದ ಕಾಯಿ ಕಾದ ಗಿಣಿ ಕತ ಗೊತ್ತೇನ್ ಕೂಸೇ? ಅಣ್ಣಾಯ್ತದ, ತಿನ್ನನ ಅಂತ ಕಾಯ್ತಾ ಕುಂತಿತ್ತಂತ. ಕಾಯಿ ಒಡುದ್ರ ಬರೀ ಅತ್ತಿ. ನಾನೂ ಅಂಗೇ ಆದೆ."

ನನಗೆ ಅಕ್ಕನ ನೆನಪಾಗಿ ನಗು ಬಂತು. ಗಿಳಿಗೆ ಹಣ್ಣು ಬೇಕಿತ್ತು, ನಮ್ಮ ಅಕ್ಕನಿಗೆ ಮದುವೆ ಹಾಸಿಗೆಗೆ ಹತ್ತಿಯೇ ಬೇಕಿತ್ತು.

ಕೋರ್ಟಿನ ಹಾಲಿನಲ್ಲಿ ಒಂದು ಕಡೆ ಗೌಡರು, ಅಬ್ಬಾ, ನಾನು. ಇನ್ನೊಂದು ಕಡೆ ಕಂಪನಿಯ ವಕೀಲರು, ಅವರ ಹಿಂದೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಅವನು. ಅಬ್ಬಾ ಅವನ ಕಡೆ ನೋಡಲಿಲ್ಲ. ಕಂಪನಿಯ ವಕೀಲರು, ಕೆಲಸ ತಡವಾದರೆ ನಷ್ಟ, ಮರವನ್ನು ಈಗಲೇ ತೆಗೆಯಬೇಕು ಎಂದು ಬಹಳ ಹೊತ್ತು ವಾದಿಸಿದರು. ನ್ಯಾಯಾಧೀಶರು ಕೇಳಿ ಮುಗಿಸಿ, ಸ್ಥಳದಲ್ಲಿ ಕೆಲಸ ಮಾಡಿಸುವವರು ಯಾರಾದರೂ ಬಂದಿದ್ದಾರೆಯೇ ಎಂದರು. ಅವನು ಎದ್ದು ನಿಂತ.

"ಆ ಜಾಗಕ್ಕೆ ತಂತಿ ಬರುವುದು ಯಾವಾಗ?"

ಅವನು ಒಮ್ಮೆ ತನ್ನ ವಕೀಲರನ್ನು ನೋಡಿದ, ಒಮ್ಮೆ ನಮ್ಮ ಕಡೆ ನೋಡಿದ. ಸುಳ್ಳು ಹೇಳಿದ್ದರೆ ಕಂಪನಿಯಲ್ಲಿ ಬಡ್ತಿ ಸಿಗುತ್ತಿತ್ತೋ ಏನೋ. ಕೈಮುಗಿದು, ತನಗೆ ಬರುತ್ತಿದ್ದ ಒಂದೇ ಕನ್ನಡದಲ್ಲಿ, ಗಟ್ಟಿಯಾಗಿ ಹೇಳಿದ:

"ಇನ್ನೂ ಬೋ ದಿನ ಅದೆ ಸಾ. ಅಲ್ಲೀಗಂಟ ಟವರೇ ಎದ್ದಿಲ್ಲ. ಕಾಯಿ ಒಡೀಲಿ ಬುಡಿ ಸಾ, ಆಮ್ಯಾಕೆ ಕಡ್ಯನ. ಎಲ್ಗೋಯ್ತದೆ ಮರ, ಇಲ್ಲೇ ಇರ್ತದೆ ಕಣ್ಲಾ!"

ಮೊದಲು ನಕ್ಕವರು ನ್ಯಾಯಾಧೀಶರೇ. ವಕೀಲರು ನಕ್ಕರು, ಗುಮಾಸ್ತರು ನಕ್ಕರು, ಬಾಗಿಲಲ್ಲಿ ನಿಂತ ಜವಾನ ಕಂಬ ಹಿಡಿದು ನಕ್ಕ. ಆದರೆ ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕವರು ಅಬ್ಬಾ. ಅವನು ಮಾತ್ರ ಎಲ್ಲಿ ತಪ್ಪಿದೆ ಎಂದು ತಿಳಿಯದೆ ಇನ್ನೂ ಕೈಮುಗಿದುಕೊಂಡೇ ನಿಂತಿದ್ದ. ಕಾಯಿ ಬಲಿತು ಕೀಳುವವರೆಗೆ ಮರವನ್ನು ಮುಟ್ಟಬಾರದು ಎಂದು ಆದೇಶವಾಯಿತು.

ಹೊರಗೆ ಬಂದಾಗ ಅಬ್ಬಾ ಅವನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮ ಉಮ್ಮನಿಗೆ ಬರೋಕೆ ಹೇಳಪ್ಪ" ಎಂದರು. "ಆದರೆ ನಿಕಾ ಹೊತ್ತಿಗೆ ಸರಿಯಾದ ಕನ್ನಡ ಕಲಿ. ಕಾಜಿಗೆ ಕಣ್ಲಾ ಅಂದ್ಬಿಟ್ಟೀಯ."

ನಾನು ಕಾಯಿನ್ ಬೂತಿಗೆ ಓಡಿದೆ. ಮನೆಗೆ ಫೋನು ಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಅಕ್ಕನಿಗೆ ಹೇಳಿದೆ. ಅವಳು, "ಮರಕ್ಕೂ ಸಿಕ್ತಾ ವಾಯಿದೆ?" ಎಂದಳು.

ಬೇಸಿಗೆಯಲ್ಲಿ ಕಾಯಿ ಬಲಿತವು. ಮರಕ್ಕೆ ಅದೇ ಕೊನೆಯ ಫಸಲು ಎಂದು ಮನೆಮಂದಿಯೆಲ್ಲ ಹರವೆಗೆ ಹೋದೆವು. ಗೌಡರ ಮನೆಯವರು ಮರ ಏರಿ ದೋಟಿಯಿಂದ ಕಾಯಿ ಎಳೆದು ಬೀಳಿಸಿದರು, ನಾವು ಕೆಳಗೆ ಸೀರೆ ಹರಡಿ ಆರಿಸಿದೆವು. ಅವನೂ ತನ್ನ ಕೂಲಿಯವರನ್ನು ಕರೆದುಕೊಂಡು ಬಂದಿದ್ದ. ಟವರು ಹತ್ತುವವರಿಗೆ ಬೂರುಗದ ಮರ ಯಾವ ಲೆಕ್ಕ! ಬಿಸಿಲಿಗೆ ಆಗಲೇ ಒಡೆದಿದ್ದ ಕಾಯಿಗಳಿಂದ ಹತ್ತಿ ಎದ್ದು ಗೌಡರ ಮೀಸೆಗೆ, ಅಮ್ಮಿಯ ಹುಬ್ಬಿಗೆ, ಅಕ್ಕನ ಜಡೆಗೆ ಅಂಟಿತು. ಎಲ್ಲರೂ ಮುದುಕರಾಗಿಬಿಟ್ಟಂತೆ ಕಂಡರು. ಗೌಡರ ಹೆಂಡತಿ ಅಕ್ಕನನ್ನು ನೋಡಿ, "ಇಬ್ರೂ ಇಂಗೇ ಬೆಳ್ಳಗಾಗಗಂಟ ಬಾಳಿ ಕಣಮ್ಮಿ" ಎಂದರು. ಅಷ್ಟು ಸಂತೋಷದ ದಿನ ನನ್ನ ಬದುಕಿನಲ್ಲಿ ಹೆಚ್ಚು ಬಂದಿಲ್ಲ.

ಆಮೇಲೆ ಮರ ಬಿತ್ತು. ನಾವು ನೋಡಲು ಹೋಗಲಿಲ್ಲ. ಹತ್ತಿ ಬಿಡಿಸುವಾಗ ಉಳಿದ ಕರಿ ಬೀಜವನ್ನೆಲ್ಲ ಅಬ್ಬಾ ಚೀಲದಲ್ಲಿ ಕಟ್ಟಿ ಗೌಡರಿಗೆ ಕಳಿಸಿದರು. ಅವರು ತಂತಿಯಿಂದ ದೂರದ ಬದುವಿನಲ್ಲಿ ಹಾಕಿ, ಮೊಳಕೆ ಬಂದಾಗ ನಮಗೆ ಹೇಳಿಕಳಿಸಿದರು.

ಇನ್ನು ಅಕ್ಕನ ಹಾಸಿಗೆ. ಊರಿನ ಮದುಮಕ್ಕಳಿಗೆಲ್ಲ ಎರಡು ದಿನದಲ್ಲಿ ಹಾಸಿಗೆ ಮಾಡಿಕೊಡುವ ಅಬ್ಬಾ ಸ್ವಂತ ಮಗಳ ಹಾಸಿಗೆಯನ್ನು ಹೊಲಿದರು, ಬಿಚ್ಚಿದರು, ಮತ್ತೆ ಹೊಲಿದರು. ಹತ್ತಿ ಇನ್ನೂ ಒಣಗಬೇಕು ಎನ್ನುವರು, ಬಟ್ಟೆಯ ಗೀಟು ಸರಿ ಕೂತಿಲ್ಲ ಎನ್ನುವರು. ಹಾಸಿಗೆ ಆಗದೆ ನಿಕಾ ದಿನ ಗೊತ್ತು ಮಾಡುವಂತಿಲ್ಲ. ಕಡೆಗೆ ಅಮ್ಮಿಯೇ ಒಂದು ಬೆಳಗ್ಗೆ ಸೂಜಿಯನ್ನು ಕಸಿದುಕೊಂಡು ಕೊನೆಯ ಅಂಚು ಹೊಲಿದು, ದಾರ ಹಲ್ಲಿನಲ್ಲಿ ಕಚ್ಚಿ, "ಇನ್ನು ವಾಯಿದೆ ಇಲ್ಲ" ಎಂದು ತೀರ್ಪು ಕೊಟ್ಟರು.

ನಿಕಾ ಚೆನ್ನಾಗಿ ನಡೆಯಿತು. ಕಾಜಿಗೆ ಅವನು "ಕಬೂಲ್" ಬಿಟ್ಟು ಬೇರೊಂದು ಮಾತೂ ಆಡಲಿಲ್ಲ, ಭಯಪಟ್ಟಿದ್ದ. ತುಪ್ಪದನ್ನ ಮುಗಿದು ಮಗಳನ್ನು ಕಳಿಸುವ ಹೊತ್ತು ಬಂತು. ಬೇರೆ ಊರುಗಳಲ್ಲಿ ಬಿದಾಯಿಯ ಅಳುವಿಗೆ ಹೊತ್ತುಗೊತ್ತಿಲ್ಲ. ನಮ್ಮಲ್ಲಿ ಹಾಗಲ್ಲ. ಕಾಡಿನ ರಸ್ತೆಯಲ್ಲಿ ರಾತ್ರಿ ಗಾಡಿ ಬಿಡುವುದಿಲ್ಲ, ಅದೂ ಕೋರ್ಟಿಗೆ ಹೋಗಿಬಂದ ವಿಷಯವೇ. ಒಂಬತ್ತಕ್ಕೆ ಗೇಟು ಹಾಕಿದರೆ ಮತ್ತೆ ಬೆಳಗಾದ ಮೇಲೆಯೇ. ಆದ್ದರಿಂದ ಅಕ್ಕಪಕ್ಕದ ಹೆಂಗಸರು, "ಬೇಗ ಬೇಗ ಅತ್ತುಬಿಡ್ರಮ್ಮ, ಗೇಟು ಹಾಕ್ತಾರೆ" ಎಂದು ಅವಸರ ಮಾಡುತ್ತಿದ್ದರು. ನಾವು ಅಳುತ್ತಲೇ ನಕ್ಕೆವು.

ಅಬ್ಬಾ ಮಾತ್ರ ಅಳಲಿಲ್ಲ. ಜೀಪಿನ ಮೇಲೇರಿ ಹಾಸಿಗೆ ಕಟ್ಟುತ್ತಿದ್ದರು. ಕಟ್ಟಿದ ಹಗ್ಗ ಸಡಿಲ ಎಂದು ಬಿಚ್ಚಿದರು. ಮತ್ತೆ ಕಟ್ಟಿದರು. ಇಬ್ಬನಿ ಬಿದ್ದೀತು ಎಂದು ಟಾರ್ಪಾಲು ತರಿಸಿದರು, ಅದನ್ನು ಕಟ್ಟಲು ಹಗ್ಗವನ್ನೆಲ್ಲ ಮತ್ತೆ ಬಿಚ್ಚಿದರು. ಡ್ರೈವರು ಹಾರ್ನ್ ಹೊಡೆದ. "ಹಾಸಿಗೆ ಬಿದ್ದರೆ ನೀನು ತಂದುಕೊಡ್ತೀಯಾ?" ಎಂದು ಅವನ ಮೇಲೆ ಹರಿಹಾಯ್ದರು.

ಗೇಟಿನವರೆಗೂ ಬಿಟ್ಟುಬರಲು ನಾವೂ ಇನ್ನೊಂದು ಗಾಡಿಯಲ್ಲಿ ಹಿಂದೆ ಹೋದೆವು. ನಾವು ತಲುಪುವ ಹೊತ್ತಿಗೆ ಗೇಟು ಬಿದ್ದಿತ್ತು. ಕಾವಲಿನ ಗಾರ್ಡು ನಮ್ಮ ಅಂಗಡಿಯ ಗಿರಾಕಿ. "ಏನ್ ಮಾಡನ ಸಾಬ್ರೆ, ಆರ್ಡ್ರು ಅಂದ್ರ ಆರ್ಡ್ರು" ಎಂದು ಕೈ ಹೊಸಕಿಕೊಂಡ. ಅಬ್ಬಾ ಈಗ ಕಾಡು, ಆನೆ, ಕೋರ್ಟು ಎಲ್ಲವನ್ನೂ ಸೇರಿಸಿ ಬೈಯುತ್ತಾರೆ ಎಂದು ನಾನು ಕಾದೆ. ಅಬ್ಬಾ ಗಾರ್ಡಿನ ಬೆನ್ನು ತಟ್ಟಿ, "ನೀನು ಸರಿಯಾಗೇ ಮಾಡಿದೆ. ಆನೆಗಳೂ ನಿದ್ದೆ ಮಾಡಬೇಕಲ್ಲ" ಎಂದರು. ಅಷ್ಟು ಬೆಳಗಿದ ಮುಖವನ್ನು ನಾನು ಮದುವೆಯ ಇಡೀ ದಿನ ನೋಡಿರಲಿಲ್ಲ.

ಮದುಮಗಳು, ಮದುಮಗ, ಉಮ್ಮ, ಸೋದರಮಾವ, ಎಲ್ಲರೂ ನಮ್ಮ ಮನೆಗೇ ಹಿಂದಿರುಗಿದರು. ಕಳಿಸಿಕೊಟ್ಟ ಮಗಳು ಅದೇ ದಿನ ವಾಪಸ್ ಬಂದರೆ ಜನ ಏನೆಂದಾರು ಎಂದು ಅಮ್ಮಿ ತಲೆಯ ಮೇಲೆ ಕೈಹೊತ್ತರು. ಅಬ್ಬಾ ಆಗಲೇ ಜೀಪಿನ ಮೇಲಿದ್ದರು. ಕಟ್ಟಲು ಅಷ್ಟು ಹೊತ್ತು ಹಿಡಿದಿದ್ದ ಹಗ್ಗ ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಹಾಸಿಗೆಯನ್ನು ಅಂಗಡಿಯ ನಡುವೆ ಹಾಸಿದರು. ಅದರ ಮೇಲೆ ಅಕ್ಕ, ನಾನು, ಅಮ್ಮಿ, ಉಮ್ಮ ಸಾಲಾಗಿ ಬಿದ್ದುಕೊಂಡೆವು. ಮದುಮಗ ಪಾಪ, ಗಿರಣಿಯ ತನ್ನ ಹಳೇ ದಿಂಬಿಗೆ ಹೋದ.

ಬೆಳಗ್ಗೆ ಗೇಟು ತೆಗೆಯುವ ಹೊತ್ತಿಗೇ ಅವನು ಆ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಸಿದ್ಧನಾಗಿ ಬಂದ. ಅಬ್ಬಾ ಟೀ ಹೀರುತ್ತಾ, "ಮೊದಲ ಗೇಟಿಗೇ ಯಾಕೆ? ಗೇಟು ದಿನವೆಲ್ಲ ತೆಗೆದೇ ಇರ್ತದಲ್ಲ" ಎಂದರು. ಹಾಗಾಗಿ ತಿಂಡಿಯಾಯಿತು, ಊಟವೂ ಆಯಿತು. ಕೊನೆಗೆ ಹೊರಡಲೇಬೇಕಾದಾಗ ಅಬ್ಬಾ ಅವನ ಕಂಕುಳಿನಿಂದ ದಿಂಬನ್ನು ಎಳೆದುಕೊಂಡರು. ಹಿಚುಕಿ ನೋಡಿದರು. ಮೂಲೆಯನ್ನು ಒತ್ತಿದರು.

"ಇದು ಇನ್ನೂ ಸರಿಯಾಗಿಲ್ಲ" ಎಂದರು. "ನಾನು ರಿಪೇರಿ ಮಾಡಿ ಇಟ್ಟಿರ್ತೀನಿ. ಮುಂದಿನ ತಿಂಗಳು ಇಬ್ಬರೂ ಬಂದು ತಗೊಂಡು ಹೋಗಿ."

ಅಕ್ಕ ಅಬ್ಬಾನ ತೋಳನ್ನು ಹಿಡಿದು ಆಗ ಅತ್ತಳು, ಗೇಟಿನ ಅವಸರವಿಲ್ಲದೆ, ಸಾಕಾಗುವಷ್ಟು. ಅವನು, "ಆಯ್ತು ಉಪ್ಪ" ಎಂದ. ಅವರ ಕಡೆ ಅಪ್ಪನನ್ನು ಹಾಗೆ ಕರೆಯುತ್ತಾರೆ.

ಮುಂದಿನ ತಿಂಗಳು ಬಂದರು. ದಿಂಬು ಸರಿಯಾಗಿರಲಿಲ್ಲ. ಅದರ ಮುಂದಿನ ತಿಂಗಳೂ ಸರಿಯಾಗಿರಲಿಲ್ಲ. ಹರವೆಯ ಬದುವಿನಲ್ಲಿ ಗೌಡರ ಬೂರುಗ ಈಗ ಮನೆಯೆತ್ತರ ಬೆಳೆದಿದೆ, ಆ ದಿಂಬು ಮಾತ್ರ ಇನ್ನೂ ನಮ್ಮ ಅಂಗಡಿಯ ಮೇಲಿನ ಹಲಗೆಯಲ್ಲಿ ರಿಪೇರಿಗೆಂದೇ ಇದೆ.